ನಲವತ್ತು ದಾಟಿದ ಮೇಲೆ ದೂರಶಿಕ್ಷಣದಲ್ಲಿ ಬಿ.ಎ. – ಮಾಡಿದವರು ಯಾರಾದರೂ ಇದ್ದೀರಾ?

ಅರ್ಧಕ್ಕೆ_ಬಿಟ್ಟವನು

ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಇಲ್ಲಿ ಸುಮ್ನೆ ಓದಿಕೊಂಡಿದ್ದೆ. ಬರೆಯುತ್ತಿರುವುದು ಇದೇ ಮೊದಲು.

ನನಗೆ 43 ವರ್ಷ. ಪದವಿಯ ಎರಡನೇ ವರ್ಷದಲ್ಲಿ ಓದು ಬಿಟ್ಟೆ. ಮನೆಯಲ್ಲಿ ದುಡಿಯುವವರು ಬೇಕಾಗಿತ್ತು, ಅಷ್ಟೇ. ಆಮೇಲೆ ಒಂದು ಗೋದಾಮಿನಲ್ಲಿ ಸರಕಿನ ಲೆಕ್ಕ ಬರೆಯುವ ಕೆಲಸ ಸಿಕ್ಕಿತು. ಇಪ್ಪತ್ತು ವರ್ಷದಿಂದ ಅದೇ ಕೆಲಸ. ಅದರ ಬಗ್ಗೆ ದೂರಿಲ್ಲ. ಆದರೆ ಎಲ್ಲಾದರೂ ಫಾರಂ ತುಂಬುವಾಗ 'ವಿದ್ಯಾರ್ಹತೆ' ಅನ್ನುವ ಸಾಲು ಬಂದರೆ ಇವತ್ತಿಗೂ ಪೆನ್ನು ಒಂದು ಗಳಿಗೆ ನಿಂತುಬಿಡುತ್ತದೆ.

ಈಗ ದೂರಶಿಕ್ಷಣದಲ್ಲಿ ಬಿ.ಎ. ಮಾಡೋಣ ಅಂತಿದ್ದೇನೆ. ಇತಿಹಾಸ ಮುಖ್ಯ ವಿಷಯ. ಮಗಳ ಹತ್ತನೇ ತರಗತಿಯ ಇತಿಹಾಸದ ಪುಸ್ತಕ ಅವಳಿಗಿಂತ ಜಾಸ್ತಿ ನಾನೇ ಓದಿದ್ದೇನೆ.

ಕೇಳಬೇಕಾದ್ದು ಮೂರು. ಕೆಲಸ ಇಟ್ಟುಕೊಂಡು ಇದು ಆಗುತ್ತಾ? ಈ ವಯಸ್ಸಿಗೆ ಓದಿದ್ದು ತಲೆಯಲ್ಲಿ ನಿಲ್ಲುತ್ತಾ? ಮೂರನೆಯದು ನನ್ನ ಪ್ರಶ್ನೆ ಅಲ್ಲ, ಹೆಂಡತಿಯದು. "ಮಾಡಿ ಏನು ಮಾಡ್ತೀರ?" ಅಂದಳು. ವ್ಯಂಗ್ಯ ಅಲ್ಲ, ನಿಜವಾಗಿಯೂ ಕೇಳಿದಳು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಮೂರನೇ_ಸಲ

ಸ್ವಾಗತ. ನನ್ನ ಹೆಸರು ನೋಡಿದರೇ ಕಥೆ ಗೊತ್ತಾಗುತ್ತದೆ. ಎರಡು ಸಲ ಸೇರಿ ಬಿಟ್ಟೆ. ಮೂರನೇ ಸಲ ಮುಗಿಸಿದೆ. ಸಾಹಿತ್ಯ ಮತ್ತು ಸಮಾಜಶಾಸ್ತ್ರ. ಏಳು ವರ್ಷ ಹಿಡಿಯಿತು. ಮುಗಿಸಿದಾಗ ನನಗೆ 49.

ಮೊದಲ ಸಲ ಬಿಟ್ಟಿದ್ದು ಹೇಗೆ ಅಂತ ಹೇಳುತ್ತೇನೆ. ಪುಸ್ತಕಗಳ ಕಟ್ಟು ಬಂತು. ಎಲ್ಲಕ್ಕೂ ರಟ್ಟು ಹಾಕಿದೆ. ಬಣ್ಣ ಬಣ್ಣದ ಪೆನ್ನು ತಂದೆ. ಗೋಡೆಗೆ ವೇಳಾಪಟ್ಟಿ ಅಂಟಿಸಿದೆ. ಬೆಳಗ್ಗೆ ನಾಲ್ಕೂವರೆಗೆ ಎದ್ದು ಓದುವುದು ಅಂತ ಅದರಲ್ಲಿತ್ತು. ಹನ್ನೊಂದು ದಿನ ಎದ್ದೆ. ಹನ್ನೆರಡನೇ ದಿನ ಎದ್ದಿಲ್ಲ. ಅವತ್ತಿಂದ ಆ ವೇಳಾಪಟ್ಟಿ ನೋಡಿದರೇ ಸಿಟ್ಟು ಬರುತ್ತಿತ್ತು. ನನ್ನ ಮೇಲೋ ಅದರ ಮೇಲೋ ಗೊತ್ತಿಲ್ಲ.

ಎರಡನೇ ಸಲ ಓದಿದೆ, ನಿಜವಾಗಿ ಓದಿದೆ. ಒಂದು ಪುಸ್ತಕಕ್ಕೆ ನೂರು ಪುಟ ಟಿಪ್ಪಣಿ ಮಾಡಿದ್ದೆ. ಆದರೆ ಅಸೈನ್‌ಮೆಂಟ್ ಕಳಿಸಲಿಲ್ಲ. "ಇನ್ನೂ ಪೂರ್ತಿ ಓದಿಲ್ಲ, ಓದಿ ಮುಗಿಸಿ ಬರೆಯೋಣ" ಅಂತ ಮುಂದೆ ಹಾಕಿದೆ. ಕೊನೆಯ ದಿನ ಹೋಯಿತು. ಒಂದು ಹೋದ ಮೇಲೆ ಎರಡನೆಯದು ಬರೆಯೋಕೆ ನಾಚಿಕೆ. ಹಾಗೇ ಸರಿದುಹೋಯಿತು. ಯಾರೂ ಫೋನ್ ಮಾಡಿ ಕೇಳಲಿಲ್ಲ. ದೂರಶಿಕ್ಷಣದಲ್ಲಿ ನಾವು ಬಿಟ್ಟರೂ ಯಾರಿಗೂ ಗೊತ್ತಾಗುವುದಿಲ್ಲ. ಕಾಲೇಜಿನಲ್ಲಾದರೆ ಬೆಂಚು ಖಾಲಿ ಕಾಣುತ್ತದೆ.

ಮೂರನೇ ಸಲ ಬದಲಿಸಿದ್ದು ಒಂದೇ. ವಾರದಲ್ಲಿ ನಾಲ್ಕು ದಿನ, ರಾತ್ರಿ ಒಂದೂವರೆ ಗಂಟೆ ಅಂತ ಇಟ್ಟುಕೊಂಡೆ. ಅದರಲ್ಲಿ ಕೊನೆಯ ಇಪ್ಪತ್ತು ನಿಮಿಷ ಪುಸ್ತಕ ಮುಚ್ಚಿ ಬರೆಯುವುದು. ಏನಾದರೂ ಸರಿ. ಅರ್ಥ ಆಗದಿದ್ದರೆ "ಇದು ಅರ್ಥ ಆಗಲಿಲ್ಲ, ಯಾಕೆಂದರೆ" ಅಂತಲಾದರೂ ಬರೆಯುವುದು. ಭಾನುವಾರ ಸ್ವಲ್ಪ ಜಾಸ್ತಿ ಕೂರುತ್ತಿದ್ದೆ. ಒಂದು ದಿನ ತಪ್ಪಿದರೆ ತಪ್ಪಿತು. ಮರುದಿನ ಎರಡರಷ್ಟು ಓದಿ ಸರಿದೂಗಿಸಲು ಹೋಗಲಿಲ್ಲ. ಆ ಸರಿದೂಗಿಸುವ ಆಟವೇ ನನ್ನನ್ನು ಎರಡು ಸಲ ಕೆಡವಿದ್ದು.

ಲೆಕ್ಕ_ಹೇಳಿ

ಉತ್ಸಾಹ ಕುಗ್ಗಿಸೋದು ನನ್ನ ಉದ್ದೇಶ ಅಲ್ಲ. ಆದರೆ ಸೇರುವ ಮೊದಲು ಒಂದು ಲೆಕ್ಕ ಹಾಕಿ.

ಪದವಿಯನ್ನು ಕ್ರೆಡಿಟ್‌ನಲ್ಲಿ ಅಳೆಯುತ್ತಾರೆ. ಬ್ರಿಟನ್ನಿನ ಲೆಕ್ಕದಲ್ಲಿ ಒಂದು ಆನರ್ಸ್ ಪದವಿಗೆ 360 ಕ್ರೆಡಿಟ್. ಒಂದು ಕ್ರೆಡಿಟ್‌ಗೆ ಸುಮಾರು 10 ಗಂಟೆ ಓದು. ಅಂದರೆ 3,600 ಗಂಟೆ. ಯೂರೋಪಿನ ಲೆಕ್ಕದಲ್ಲಿ ಮೂರು ವರ್ಷದ ಪದವಿಗೆ 180 ಕ್ರೆಡಿಟ್, ಒಂದಕ್ಕೆ 25ರಿಂದ 30 ಗಂಟೆ. ಅಂದರೆ 4,500ಕ್ಕಿಂತ ಕಮ್ಮಿ ಇಲ್ಲ. ಕೊನೆಗೆ ಎಲ್ಲೇ ಸೇರಿದರೂ ಸಾವಿರಗಳ ಲೆಕ್ಕವೇ.

ಚಿಕ್ಕದನ್ನೇ ಹಿಡಿಯೋಣ. 3,600 ಗಂಟೆಯನ್ನು ಆರು ವರ್ಷಕ್ಕೆ ಹಂಚಿದರೆ ವರ್ಷಕ್ಕೆ 600. ಕಾಯಿಲೆ, ಮದುವೆ ಮನೆ, ಆಫೀಸಿನ ವರ್ಷಾಂತ್ಯ ಎಲ್ಲ ಕಳೆದು ವರ್ಷಕ್ಕೆ 40 ವಾರ ಓದುತ್ತೀರಿ ಅಂದುಕೊಳ್ಳಿ. ವಾರಕ್ಕೆ 15 ಗಂಟೆ. ಮೂರು ವರ್ಷದಲ್ಲಿ ಮುಗಿಸುತ್ತೇನೆ ಅಂದರೆ ವಾರಕ್ಕೆ 30. ಅದು ಇನ್ನೊಂದು ಕೆಲಸ ಇದ್ದ ಹಾಗೆ.

ಇಷ್ಟು ಗಂಟೆಯಲ್ಲಿ ನಿಮ್ಮ ಕೆಲಸಕ್ಕೆ ನೇರವಾಗಿ ಬೇಕಾಗುವ ಮೂರು ನಾಲ್ಕು ಸರ್ಟಿಫಿಕೇಟ್ ಕೋರ್ಸ್ ಮುಗಿಸಬಹುದು. ಸರಕು ನಿರ್ವಹಣೆ, ಡೇಟಾ, ಏನಾದರೂ. ಇತಿಹಾಸ ಓದಬೇಕು ಅಂದರೆ ಪುಸ್ತಕ ತಂದು ಓದಿ. ಅದಕ್ಕೆ ಪರೀಕ್ಷೆ ಯಾಕೆ? ನಿಮ್ಮ ಮನೆಯವರ ಪ್ರಶ್ನೆ ಸರಿಯಾಗೇ ಇದೆ.

ರಾತ್ರಿ_ಪಾಳಿ

ಲೆಕ್ಕ_ಹೇಳಿ ಸರ್, ವಾರಕ್ಕೆ 15 ಗಂಟೆ ನಿಜ. ನಾನು ಈಗ ನಾಲ್ಕನೇ ವರ್ಷ. ಹೆಸರಿನ ಹಾಗೆ ರಾತ್ರಿ ಪಾಳಿ ಕಾವಲು ಕೆಲಸ. ರಾತ್ರಿ ಎರಡರಿಂದ ನಾಲ್ಕರವರೆಗೆ ಯಾರೂ ಬರಲ್ಲ. ನನ್ನ ರಾಜ್ಯಶಾಸ್ತ್ರ ಪೂರ್ತಿ ಆ ಎರಡು ಗಂಟೆಯಲ್ಲೇ ಓದಿದ್ದು.

ಆದರೆ ಪುಸ್ತಕ ತಂದು ಓದಿ ಅಂದಿರಲ್ಲ, ಅದು ನಾನು ಹತ್ತು ವರ್ಷ ಮಾಡಿದ್ದೇನೆ. ಇಷ್ಟ ಆದ ಅಧ್ಯಾಯ ಓದುತ್ತಿದ್ದೆ. ಕಷ್ಟ ಆದದ್ದು ಬಿಡುತ್ತಿದ್ದೆ. ನನ್ನ ಅಭಿಪ್ರಾಯಕ್ಕೆ ಹೊಂದುವ ಪುಸ್ತಕವೇ ಕೈಗೆ ಬರುತ್ತಿತ್ತು. ಅದು ಹೇಗೋ. ಕೋರ್ಸ್ ಸೇರಿದ ಮೇಲೆ ನನಗೆ ಇಷ್ಟ ಇಲ್ಲದವರ ವಾದವನ್ನೂ ಓದಿ, ಅವರ ಪರವಾಗಿ ಎರಡು ಪುಟ ಬರೆಯಬೇಕಾಯಿತು. ಬೈದುಕೊಂಡೇ ಬರೆದೆ. ಈಗಲೂ ಆ ವಾದ ಒಪ್ಪಲ್ಲ. ಆದರೆ ಮೊದಲು ಅದನ್ನು ಒಪ್ಪದೇ ಇದ್ದುದಕ್ಕೆ ಕಾರಣ ಇರಲಿಲ್ಲ, ಈಗ ಇದೆ.

ಅರ್ಧಕ್ಕೆ_ಬಿಟ್ಟವನು

ಎಲ್ಲರಿಗೂ ಧನ್ಯವಾದ. ಲೆಕ್ಕ_ಹೇಳಿ ಅವರೇ, ಬೇಜಾರಿಲ್ಲ, ಲೆಕ್ಕ ನನ್ನ ಕೆಲಸವೇ. ಮೊಬೈಲ್‌ನಲ್ಲಿ ಹಾಳು ಮಾಡುವ ಸಮಯ ಒಂದು ವಾರ ಬರೆದಿಟ್ಟೆ. 13 ಗಂಟೆ ಬಂತು. ಹಾಗಾಗಿ ಗಂಟೆ ಹೊಂದಿಸಬಹುದು ಅನ್ನಿಸುತ್ತಿದೆ.

ಮೂರನೇ_ಸಲ ಮೇಡಂ, ನೀವು ಹೇಳಿದ ಅಸೈನ್‌ಮೆಂಟ್ ಮಾತು ಹೆದರಿಕೆ ತಂದಿತು. ನಾನು ಇಪ್ಪತ್ತು ವರ್ಷದಿಂದ ಬರೆದಿರುವುದು ಎಲ್ಲ ಒಂದೇ ಸಾಲಿನದು. 'ಬಂತು', 'ಹೋಯಿತು', 'ಬಾಕಿ'. ಪ್ರಬಂಧ ಅಂದರೆ ಶಾಲೆಯಲ್ಲಿ 'ಮಳೆಗಾಲದ ಒಂದು ದಿನ' ಬರೆದಿದ್ದೇ ಕೊನೆ. ಕಲಾ ವಿಭಾಗದಲ್ಲಿ ನಿಜಕ್ಕೂ ಏನು ಬರೆಯಬೇಕು? ಓದಿದ್ದನ್ನು ಸಂಕ್ಷಿಪ್ತವಾಗಿ ಬರೆದರೆ ಸಾಕಾ?

ಕೆಂಪು_ಪೆನ್

ಸಾಕಾಗಲ್ಲ. ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಹದಿನಾಲ್ಕು ವರ್ಷದಿಂದ ದೂರಶಿಕ್ಷಣದ ಇತಿಹಾಸದ ಅಸೈನ್‌ಮೆಂಟ್ ತಿದ್ದುತ್ತಿದ್ದೇನೆ. ದೊಡ್ಡವರ ಪತ್ರಿಕೆಗಳೇ ಜಾಸ್ತಿ. ಓದಿಲ್ಲದೆ ಅಂಕ ಕಳೆದುಕೊಂಡವರು ಕಮ್ಮಿ. ಓದಿದ್ದನ್ನೆಲ್ಲ ಸುರಿದು ಅಂಕ ಕಳೆದುಕೊಂಡವರು ಬಹಳ.

ಒಂದು ಉದಾಹರಣೆ. ಪ್ರಶ್ನೆ ಹೀಗಿದೆ ಅಂದುಕೊಳ್ಳಿ: "ಯೂರೋಪಿನ ಧಾರ್ಮಿಕ ಸುಧಾರಣೆಗೆ ಮುದ್ರಣ ಯಂತ್ರ ಎಷ್ಟರ ಮಟ್ಟಿಗೆ ಕಾರಣ?" ಹತ್ತರಲ್ಲಿ ಏಳು ಜನ ಮಾರ್ಟಿನ್ ಲೂಥರ್ ಹುಟ್ಟಿದಲ್ಲಿಂದ ಶುರು ಮಾಡುತ್ತಾರೆ. 1517ರಲ್ಲಿ ಅವನು ಚರ್ಚನ್ನು ಪ್ರಶ್ನಿಸುವ 95 ಪ್ರಮೇಯ ಮುಂದಿಟ್ಟ, ಪೋಪ್ ಬಹಿಷ್ಕಾರ ಹಾಕಿದ, ಹೀಗೆ ಸಾಲಾಗಿ ಬರುತ್ತದೆ. ನಡುವೆ ಮುದ್ರಣ ಯಂತ್ರ ತಂದ ಗುಟೆನ್‌ಬರ್ಗ್‌ಗೆ ಒಂದು ಪ್ಯಾರಾ. ಕೊನೆಗೆ "ಹೀಗೆ ಮುದ್ರಣ ಯಂತ್ರವು ಬಹು ಮುಖ್ಯ ಪಾತ್ರ ವಹಿಸಿತು". ಒಂದೂ ತಪ್ಪು ಮಾಹಿತಿ ಇರುವುದಿಲ್ಲ. ಆದರೆ ಪ್ರಶ್ನೆಗೆ ಉತ್ತರವೂ ಇರುವುದಿಲ್ಲ.

ಪ್ರಶ್ನೆಯಲ್ಲಿ ಭಾರ ಇರುವುದು 'ಎಷ್ಟರ ಮಟ್ಟಿಗೆ' ಅನ್ನುವ ಮಾತಿನ ಮೇಲೆ. ಅದು ತೂಗಿ ನೋಡಿ ಅಂತ ಕೇಳುತ್ತಿದೆ. ತೂಗಬೇಕಾದರೆ ಇನ್ನೊಂದು ತಟ್ಟೆಗೆ ಏನಾದರೂ ಹಾಕಬೇಕಲ್ಲ? ಬೊಹೀಮಿಯಾದ (ಈಗಿನ ಚೆಕ್ ದೇಶದ ಭಾಗ) ಯಾನ್ ಹುಸ್ ಸಿಗುತ್ತಾನೆ. ಅವನೂ ಚರ್ಚಿನ ವಿರುದ್ಧ ಮಾತಾಡಿದ. 1415ರಲ್ಲಿ ಅವನನ್ನು ಸುಟ್ಟರು. ಆಗ ಯೂರೋಪಿನಲ್ಲಿ ಗುಟೆನ್‌ಬರ್ಗ್‌ನ ಯಂತ್ರ ಇನ್ನೂ ಬಂದಿರಲಿಲ್ಲ. ಆದರೂ ಅವನ ಅನುಯಾಯಿಗಳು ವರ್ಷಗಟ್ಟಲೆ ಯುದ್ಧ ಮಾಡಿದರು. ಅಂದರೆ ಮುದ್ರಣ ಇಲ್ಲದೆಯೂ ಬೆಂಕಿ ಹತ್ತುತ್ತಿತ್ತು. ಹಾಗಾದರೆ ಲೂಥರ್ ಕಾಲದಲ್ಲಿ ಮುದ್ರಣದಿಂದ ಆದದ್ದೇನು? ಆ ಬೆಂಕಿ ಒಂದು ಪ್ರದೇಶದಲ್ಲಿ ನಿಲ್ಲದೆ ಬೇಗ ಬೇಗ ದೂರ ಹಬ್ಬಿತು ಅನ್ನಬಹುದು. ಆದರೆ ಆಗ ಬಹಳ ಜನರಿಗೆ ಓದಲು ಬರುತ್ತಿರಲಿಲ್ಲವಲ್ಲ? ಹಾಗಿದ್ದರೆ ಗಟ್ಟಿಯಾಗಿ ಓದಿ ಹೇಳಿದವರು, ಪ್ರವಚನ ಮಾಡಿದವರು, ಮರದಚ್ಚಿನ ಚಿತ್ರಗಳು, ಇವಕ್ಕೆ ಎಷ್ಟು ಪಾಲು ಕೊಡಬೇಕು? ನೋಡಿ, ಇಲ್ಲಿಗೆ ಪ್ರಬಂಧ ಶುರುವಾಯಿತು.

ಈ ತೂಗುವ ಕೆಲಸಕ್ಕೇ ಕಲಾ ಪದವಿಯಲ್ಲಿ ಅಂಕ. ಮಾಹಿತಿ ಅದಕ್ಕೆ ಕಚ್ಚಾ ಸಾಮಾನು.

ಇನ್ನೊಂದು ಮಾತು. ಮೊದಲ ಅಸೈನ್‌ಮೆಂಟ್ ಅರ್ಧ ಅರ್ಥ ಆದಾಗಲೇ ಬರೆದು ಕಳಿಸಿ. ಕೆಟ್ಟದಾಗಿದ್ದರೂ ಕಳಿಸಿ. ತಿದ್ದಿ ಬಂದ ಆ ಹಾಳೆಯೇ ದೂರಶಿಕ್ಷಣದಲ್ಲಿ ನಿಮಗೆ ಸಿಗುವ ಮೇಷ್ಟ್ರು. ಉಳಿದದ್ದೆಲ್ಲ ಪುಸ್ತಕ. ಹಾಳೆ ಬಂದ ಕೂಡಲೇ ಬಹಳ ಜನ ಅಂಕ ನೋಡಿ ಮಡಚಿಡುತ್ತಾರೆ. ಪಕ್ಕದಲ್ಲಿ ನಾವು ಬರೆದದ್ದನ್ನು ಓದಿಯೇ ಇಲ್ಲ ಅಂತ ಮುಂದಿನ ಅಸೈನ್‌ಮೆಂಟ್ ನೋಡಿದರೆ ಗೊತ್ತಾಗುತ್ತದೆ. ಅದೇ ತಪ್ಪು, ಅದೇ ಜಾಗದಲ್ಲಿ. (ಹೌದು, ನಮಗೂ ಬೇಜಾರಾಗುತ್ತದೆ.)

ಮೂರನೇ_ಸಲ

ಕೆಂಪು_ಪೆನ್ ಅವರ ಕೊನೆಯ ಪ್ಯಾರಾಕ್ಕೆ ನೂರು ಸಲ ಹೌದು. ನನ್ನ ಮೊದಲ ಹಾಳೆಯ ಪಕ್ಕದಲ್ಲಿ "ಇದು ಯಾರ ಅಭಿಪ್ರಾಯ?" ಅಂತ ಐದು ಕಡೆ ಬರೆದಿದ್ದರು. ಐದನೆಯದನ್ನು ಓದುವ ಹೊತ್ತಿಗೆ ನನಗೇ ಗೊತ್ತಾಗಲಿಲ್ಲ ಯಾರದ್ದು ಅಂತ.

ಲೆಕ್ಕ_ಹೇಳಿ

ಒಪ್ಪಿದೆ, ಪುಸ್ತಕ ತಂದು ಓದುವುದು ಬೇರೆ, ಇದು ಬೇರೆ. ಆ ಮಾತು ಹಿಂದೆ ತೆಗೆದುಕೊಳ್ಳುತ್ತೇನೆ. ಸರ್ಟಿಫಿಕೇಟ್ ವಿಷಯ ಹಾಗೇ ಇರಲಿ.

ಆದರೆ ಹಣ ಕಟ್ಟುವ ಮೊದಲು ಮಾನ್ಯತೆ ನೋಡಿ. ಇದು ಸ್ವಂತ ಅನುಭವ. ನನ್ನ ತಮ್ಮ ಒಂದು ಸಂಸ್ಥೆಯಲ್ಲಿ ಎರಡು ವರ್ಷ ಓದಿದ. ಹೆಸರು ಬೇಡ. ಸಂಸ್ಥೆಗೆ ಮಾನ್ಯತೆ ಇತ್ತು, ಅವನು ಓದಿದ ಕೋರ್ಸನ್ನು ದೂರಶಿಕ್ಷಣದಲ್ಲಿ ನಡೆಸಲು ಇರಲಿಲ್ಲ. ಎರಡೂ ಒಂದೇ ಅಂತ ಅವನು ತಿಳಿದಿದ್ದ. ಅವರೂ ತಿದ್ದಲಿಲ್ಲ.

ಹಾಗಾಗಿ ಸಂಸ್ಥೆಯ ಜಾಹೀರಾತಿನಲ್ಲಿ ಬರೆದದ್ದನ್ನು ನಂಬಬೇಡಿ. ಮಾನ್ಯತೆ ಕೊಡುವ ಸರ್ಕಾರಿ ಮಂಡಳಿಯ ಪಟ್ಟಿಯಲ್ಲೇ ನೋಡಿ. ಈ ಕೋರ್ಸ್, ಈ ವಿಧಾನ, ನೀವು ಸೇರುವ ವರ್ಷ, ಮೂರೂ ಇರಬೇಕು. ಹಾಗೇ ಪದವಿ ಮುಗಿಸಲು ಗರಿಷ್ಠ ಎಷ್ಟು ವರ್ಷ ಬಿಡುತ್ತಾರೆ, ಪರೀಕ್ಷೆಗೆ ಎಲ್ಲಿಗೆ ಹೋಗಬೇಕು, ಮರುಪರೀಕ್ಷೆಗೆ ಬೇರೆ ಶುಲ್ಕ ಇದೆಯಾ, ಇವನ್ನು ಲಿಖಿತವಾಗಿ ಕೇಳಿ ಇಟ್ಟುಕೊಳ್ಳಿ. ನಿಮ್ಮ ಹಳೆಯ ಎರಡು ವರ್ಷದ ಅಂಕಪಟ್ಟಿಯನ್ನೂ ಹುಡುಕಿ ತೆಗೆಯಿರಿ. ಕೆಲವು ಕಡೆ ಹಿಂದೆ ಓದಿದ್ದಕ್ಕೆ ಕ್ರೆಡಿಟ್ ಕೊಡುತ್ತಾರೆ. ತೀರಾ ಹಳೆಯದು ಅಂತ ಬೇಡ ಅನ್ನುವವರೂ ಇದ್ದಾರೆ. ಕೇಳಿದರೆ ಕಳೆದುಕೊಳ್ಳುವುದೇನೂ ಇಲ್ಲ.

ಸುಮ್ನೆ_ಓದೋಳು

ನಾನು ತಡವಾಗಿ ಬಂದೆ. 64 ವರ್ಷ, ತತ್ವಶಾಸ್ತ್ರ, ಐದನೇ ವರ್ಷ. ತಲೆಯಲ್ಲಿ ನಿಲ್ಲುತ್ತಾ ಅನ್ನೋ ಪ್ರಶ್ನೆಗೆ ಯಾರೂ ಸರಿಯಾಗಿ ಉತ್ತರ ಕೊಟ್ಟಿಲ್ಲ, ಅಲ್ವಾ? ನಾನು ಪ್ರಯತ್ನಿಸುತ್ತೇನೆ.

ವೇಗ ಕಮ್ಮಿಯಾಗುತ್ತದೆ. ಅದನ್ನು ಮುಚ್ಚಿಟ್ಟು ಪ್ರಯೋಜನ ಇಲ್ಲ. ಇಪ್ಪತ್ತರಲ್ಲಿ ಒಂದು ಸಲ ಓದಿದ್ದು ಈಗ ಮೂರು ಸಲ ಓದಬೇಕು. ಆದರೆ ಶಬ್ದಸಂಪತ್ತು, ಲೋಕದ ತಿಳಿವಳಿಕೆ ನಡುವಯಸ್ಸು ದಾಟಿದ ಮೇಲೂ ಬೆಳೆಯುತ್ತದೆ. ಕಲಾ ವಿಷಯಗಳಲ್ಲಿ ಬೇಕಾಗುವುದು ಮುಖ್ಯವಾಗಿ ಅದೇ.

ಇನ್ನು ಮರೆವು. ಜರ್ಮನಿಯ ಎಬ್ಬಿಂಗ್‌ಹೌಸ್ ಅನ್ನುವವನು ಅರ್ಥವೇ ಇಲ್ಲದ ಅಕ್ಷರಗುಚ್ಛಗಳ ಪಟ್ಟಿ ಮಾಡಿಕೊಂಡು ತನ್ನನ್ನು ತಾನೇ ಪರೀಕ್ಷೆ ಮಾಡಿಕೊಂಡ. 1885ರಲ್ಲಿ ಪ್ರಕಟಿಸಿದ. ಕಲಿತದ್ದರಲ್ಲಿ ದೊಡ್ಡ ಪಾಲು ಮೊದಲ ಒಂದೆರಡು ದಿನದಲ್ಲೇ ಸೋರಿಹೋಗುತ್ತದೆ, ಆಮೇಲೆ ಸೋರುವುದು ನಿಧಾನವಾಗುತ್ತದೆ ಅಂತ ಕಂಡುಕೊಂಡ. ಗಮನಿಸಿ, ಆಗ ಅವನು ಇನ್ನೂ ಮೂವತ್ತರ ಆಸುಪಾಸಿನವನು. ಅಂದರೆ ಮರೆವಿಗೆ ವಯಸ್ಸನ್ನೇ ಪೂರ್ತಿ ಬಯ್ಯಬೇಕಾಗಿಲ್ಲ.

ಮೂರನೇ_ಸಲ ಅವರು ಪುಸ್ತಕ ಮುಚ್ಚಿ ಬರೆಯುತ್ತಿದ್ದೆ ಅಂದರಲ್ಲ, ಅದಕ್ಕೆ ಆಧಾರವೂ ಇದೆ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕ್ ಅನ್ನುವ ಇಬ್ಬರು ಮನಃಶಾಸ್ತ್ರಜ್ಞರು ತಮ್ಮ ಪ್ರಯೋಗದಲ್ಲಿ ವಿದ್ಯಾರ್ಥಿಗಳಿಗೆ ಒಂದು ಪಠ್ಯ ಕೊಟ್ಟರು. ಕೆಲವರು ಮತ್ತೆ ಮತ್ತೆ ಓದಿದರು. ಕೆಲವರು ಓದಿ, ಮುಚ್ಚಿಟ್ಟು, ನೆನಪಿದ್ದನ್ನು ಬರೆದರು. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರದ ನಂತರ ಕೇಳಿದಾಗ ಮುಚ್ಚಿ ಬರೆದವರು ಮುಂದಿದ್ದರು. ನಮಗೆ ಮೋಸ ಆಗುವುದು ಆ ಐದು ನಿಮಿಷದಲ್ಲಿ. ಮತ್ತೆ ಓದಿದ ಕೂಡಲೇ "ಎಲ್ಲ ಬಂತು" ಅನ್ನಿಸುತ್ತದೆ. ಪರೀಕ್ಷೆ ಇರುವುದು ಐದು ನಿಮಿಷಕ್ಕಲ್ಲ.

ನನಗೆ ನಿಜವಾದ ಕಷ್ಟ ಕೈಯದ್ದು. ಮೂರು ಗಂಟೆ ಕೂತು ಪೆನ್ನಿನಲ್ಲಿ ಬರೆಯುವ ಅಭ್ಯಾಸವೇ ಹೋಗಿತ್ತು. ಮೊದಲ ಪರೀಕ್ಷೆಯಲ್ಲಿ ಉತ್ತರ ಗೊತ್ತಿದ್ದೂ ಕೊನೆಯ ಪ್ರಶ್ನೆ ಮುಟ್ಟಲಾಗಲಿಲ್ಲ, ಬೆರಳು ಹಿಡಿದುಕೊಂಡಿತ್ತು. ಈಗ ಪರೀಕ್ಷೆಗೆ ಎರಡು ತಿಂಗಳ ಮುಂಚಿನಿಂದ ದಿನಾ ಅರ್ಧ ಗಂಟೆ ಕೈಬರಹ. ನಿಮ್ಮ ಪರೀಕ್ಷೆ ಬರಹದ್ದೇ ಆಗಿದ್ದರೆ ಇದನ್ನು ಕಡೆಗಣಿಸಬೇಡಿ.

ರಾತ್ರಿ_ಪಾಳಿ

ಅಮ್ಮಾ, ಬೆರಳಿನ ವಿಷಯ ನೂರಕ್ಕೆ ನೂರು. ನನ್ನ ಅಕ್ಷರ ಕೊನೆಯ ಪುಟದಲ್ಲಿ ನನಗೇ ಓದಲು ಬರಲ್ಲ.

ಒಂದು ಪ್ರಶ್ನೆ ಎಲ್ಲರಿಗೂ. ಈಗ ಎಐ ಚಾಟ್ ಇದೆ. ಪ್ರಶ್ನೆ ಹಾಕಿದರೆ ಪ್ರಬಂಧ ಬರುತ್ತದೆ. ನಮ್ಮ ಗುಂಪಿನಲ್ಲಿ ಇಬ್ಬರು ಹಾಗೇ ಕಳಿಸುತ್ತಿದ್ದಾರೆ. ನಾನು ರಾತ್ರಿ ಕೂತು ಬರೆದದ್ದಕ್ಕಿಂತ ಅವರ ಭಾಷೆ ಚೆನ್ನಾಗಿದೆ. ಹೊಟ್ಟೆ ಉರಿಯುತ್ತದೆ.

ಕೆಂಪು_ಪೆನ್

ಉರಿಯಲಿ, ತಪ್ಪಿಲ್ಲ.

ಸಂಸ್ಥೆಯ ನಿಯಮ ಏನಿದೆ ಅಂತ ಮೊದಲು ಓದಿ. ಒಂದೊಂದು ಕಡೆ ಒಂದೊಂದು ಥರ. ನಕಲು ಹುಡುಕುವ ಸಾಫ್ಟ್‌ವೇರ್ ಬಗ್ಗೆಯೂ ತಪ್ಪು ತಿಳಿವಳಿಕೆ ಬಹಳ ಇದೆ. ಅದು ತೋರಿಸುವ ಶೇಕಡಾ ನಕಲಿನ ಶೇಕಡಾ ಅಲ್ಲ. ಬೇರೆ ಬರಹಗಳ ಜೊತೆ ಎಷ್ಟು ಹೋಲುತ್ತದೆ ಅನ್ನುವುದು ಅಷ್ಟೇ. ಸರಿಯಾಗಿ ಉದ್ಧರಣ ಚಿಹ್ನೆ ಹಾಕಿ, ಮೂಲ ಹೇಳಿ ಬರೆದದ್ದೂ ಅದರಲ್ಲಿ ಸೇರಿಕೊಳ್ಳಬಹುದು. ಕೊನೆಗೆ ಮನುಷ್ಯರೇ ತೆರೆದು ನೋಡಬೇಕು.

ಎಐ ಪ್ರಬಂಧ ನನ್ನ ಕೈಗೂ ಬರುತ್ತದೆ. ಎಲ್ಲವನ್ನೂ ಹಿಡಿಯುತ್ತೇನೆ ಅಂದರೆ ಸುಳ್ಳು. ಆದರೆ ಅಂಥವು ತೂಗುವುದಿಲ್ಲ. "ಒಂದು ಕಡೆ ಹೀಗೆ, ಇನ್ನೊಂದು ಕಡೆ ಹಾಗೆ, ಎರಡೂ ಮುಖ್ಯ" ಅಂತ ತಟ್ಟೆ ಸಮ ಮಾಡಿ ಎದ್ದು ಹೋಗುತ್ತವೆ. ಇಲ್ಲದ ಪುಸ್ತಕವನ್ನು ಆಧಾರ ಅಂತ ಕೊಟ್ಟದ್ದನ್ನೂ ನೋಡಿದ್ದೇನೆ. ಅಂಥ ಸಾಲು ಒಂದು ಸಿಕ್ಕರೆ ಮತ್ತೆ ಇಡೀ ಹಾಳೆಯ ಮೇಲೆ ನಂಬಿಕೆ ಹೋಗುತ್ತದೆ.

ಮೂರನೇ_ಸಲ

ಇಲ್ಲಿ ನನ್ನದು ಸ್ವಲ್ಪ ಭಿನ್ನ. ಕಷ್ಟದ ಅಧ್ಯಾಯ ಓದಿದ ಮೇಲೆ "ನಾನು ಹೀಗೆ ಅರ್ಥ ಮಾಡಿಕೊಂಡೆ, ಎಲ್ಲಿ ತಪ್ಪಿದೆ ಹೇಳು" ಅಂತ ಎಐ ಹತ್ತಿರ ವಾದ ಮಾಡುವುದರಲ್ಲಿ ತಪ್ಪೇನಿದೆ? ಜೊತೆಗೆ ಓದುವವರು ಇಲ್ಲದವರಿಗೆ ಅದೂ ಒಂದು ಜೊತೆ. ನನ್ನ ಕಾಲದಲ್ಲಿ ಇದ್ದಿದ್ದರೆ ನಾನಂತೂ ಬಳಸುತ್ತಿದ್ದೆ. ಉತ್ತರ ಮಾತ್ರ ಪುಸ್ತಕದಲ್ಲಿ ತಾಳೆ ನೋಡಬೇಕು. ಬರೆಯುವ ಕೆಲಸ ಅದಕ್ಕೆ ಕೊಟ್ಟರೆ, ಕೆಂಪು_ಪೆನ್ ಹೇಳಿದ ಆ ಮೇಷ್ಟ್ರು ಯಾರನ್ನು ತಿದ್ದಿದ ಹಾಗಾಯಿತು?

ಸುಮ್ನೆ_ಓದೋಳು

ಜೊತೆ ಅಂದ ಕೂಡಲೇ ನೆನಪಾಯಿತು. ಹೊರಗಿನಿಂದ ಓದುವುದು ಎರಡನೇ ದರ್ಜೆ ಅಂತ ಯಾರಾದರೂ ಮೂಗು ಮುರಿದರೆ ನಾನು ಹೇಳುವ ಮಾತು ಇದು. ಲಂಡನ್ ವಿಶ್ವವಿದ್ಯಾಲಯ 1858ರಲ್ಲೇ ಎಲ್ಲಿ ಓದಿದವರಾದರೂ ಬಂದು ಪರೀಕ್ಷೆ ಬರೆಯಿರಿ ಅಂತ ಬಾಗಿಲು ತೆರೆಯಿತು. ಹೆಂಗಸರಿಗೆ ಪದವಿ ಕೊಡಲು ಮಾತ್ರ ಅದಕ್ಕೂ ಇನ್ನೂ ಇಪ್ಪತ್ತು ವರ್ಷ ಬೇಕಾಯಿತು, 1878. ನೆಲ್ಸನ್ ಮಂಡೇಲಾ ಕೂಡ ಬಿ.ಎ. ಅರ್ಧಕ್ಕೆ ನಿಂತವರೇ. ಪ್ರತಿಭಟನೆಯ ಕಾರಣಕ್ಕೆ ಕಾಲೇಜಿನಿಂದ ಹೊರಬಿದ್ದರು. ಆಮೇಲೆ ಕೆಲಸ ಮಾಡುತ್ತಾ ಸೌತ್ ಆಫ್ರಿಕಾ ವಿಶ್ವವಿದ್ಯಾಲಯದ ಮೂಲಕ ಹೊರಗಿನಿಂದ ಓದಿ ಮುಗಿಸಿದರು. 1943ರಲ್ಲಿ ಪದವಿ ಪಡೆಯಲು ಹೋದದ್ದು ಅದೇ ಹಳೆಯ ಕಾಲೇಜಿಗೆ. ಬ್ರಿಟನ್ನಿನ ಓಪನ್ ಯೂನಿವರ್ಸಿಟಿ 1971ರಲ್ಲಿ ಪಾಠ ಶುರು ಮಾಡಿದಾಗ ಸೇರಲು ಹಿಂದಿನ ಯಾವ ಅಂಕಪಟ್ಟಿಯನ್ನೂ ಕೇಳಲಿಲ್ಲ. ಸೇರುವುದು ಸುಲಭ ಮಾಡಿದರು, ಪಾಸಾಗುವುದನ್ನಲ್ಲ. ಆ ವ್ಯತ್ಯಾಸ ಮೂಗು ಮುರಿಯುವವರಿಗೆ ಗೊತ್ತಿರಲ್ಲ.

ಅರ್ಧಕ್ಕೆ_ಬಿಟ್ಟವನು (ಏಳು ತಿಂಗಳ ನಂತರ)

ಈ ಚರ್ಚೆ ಎಲ್ಲರಿಗೂ ಮರೆತೇ ಹೋಗಿರಬಹುದು. ಸೇರಿದೆ. ಮಾನ್ಯತೆ ಪಟ್ಟಿ ನೋಡಿಯೇ ಸೇರಿದೆ, ಲೆಕ್ಕ_ಹೇಳಿ ಅವರಿಗೆ ಥ್ಯಾಂಕ್ಸ್. ಹಳೆಯ ಅಂಕಪಟ್ಟಿಗೆ ಕ್ರೆಡಿಟ್ ಸಿಗಲಿಲ್ಲ. ವಾರಕ್ಕೆ 15 ಗಂಟೆ ಆಗುತ್ತಿಲ್ಲ, ಹತ್ತು ಹನ್ನೊಂದು ಆಗುತ್ತಿದೆ. ವರ್ಷಾಂತ್ಯದ ಸ್ಟಾಕ್ ಲೆಕ್ಕದ ತಿಂಗಳು ಏನೂ ಓದಲಿಲ್ಲ. ಆರು ವರ್ಷ ಅಂದುಕೊಂಡದ್ದು ಎಂಟಾದರೂ ಆಗಲಿ.

ಬರೆಯುತ್ತಿರುವುದು ಬೇರೆ ಕಾರಣಕ್ಕೆ. ಮೊದಲ ಅಸೈನ್‌ಮೆಂಟ್ ತಿದ್ದಿ ಬಂತು. ಪ್ರಶ್ನೆ ಹದಿನಾಲ್ಕನೇ ಶತಮಾನದ ಮಹಾಮಾರಿ ಪ್ಲೇಗ್ ಬಗ್ಗೆ. ಅದರ ನಂತರ ದುಡಿಯುವ ಜನರ ಸ್ಥಿತಿ ಎಷ್ಟರ ಮಟ್ಟಿಗೆ ಸುಧಾರಿಸಿತು ಅಂತ. 'ಎಷ್ಟರ ಮಟ್ಟಿಗೆ' ನೋಡಿದ ಕೂಡಲೇ ಕೆಂಪು_ಪೆನ್ ಅವರ ತಟ್ಟೆ ನೆನಪಾಯಿತು.

ಓದುತ್ತಾ ಹೋದಾಗ ಇಂಗ್ಲೆಂಡಿನ 1351ರ ಒಂದು ಕಾನೂನು ಸಿಕ್ಕಿತು. ಪ್ಲೇಗಿಗೆ ಮೊದಲು ಎಷ್ಟು ಕೂಲಿ ಇತ್ತೋ ಅಷ್ಟೇ ತೆಗೆದುಕೊಳ್ಳಬೇಕು, ಜಾಸ್ತಿ ಕೇಳಬಾರದು, ಕೊಡಲೂಬಾರದು. ಎರಡು ವರ್ಷ ಮೊದಲು, 1349ರಲ್ಲಿ, ಇಂಥದ್ದೇ ಇನ್ನೊಂದು ಆಜ್ಞೆ ಬಂದಿತ್ತು. ಮೊದಲು ನಾನು ಬರೆದದ್ದು "ಕಾನೂನಿನಿಂದ ಕೂಲಿಯನ್ನು ತಡೆದರು, ಆದ್ದರಿಂದ ಸ್ಥಿತಿ ಸುಧಾರಿಸಲಿಲ್ಲ" ಅಂತ. ಪುಸ್ತಕ ಮುಚ್ಚಿ ಕೂತಾಗ ಒಂದು ವಿಷಯ ಹೊಳೆಯಿತು. ನಮ್ಮ ಗೋದಾಮಿನಲ್ಲಿ "ಮೂರನೇ ಬಾಗಿಲಿನಿಂದ ಹೊರಗೆ ಹೋಗಬಾರದು" ಅಂತ ಬೋರ್ಡ್ ಇದೆ. ಎರಡು ವರ್ಷದಲ್ಲಿ ಎರಡು ಸಲ ಹಾಕಿದ್ದಾರೆ, ಎರಡನೆಯದು ಕೆಂಪು ಬಣ್ಣದ್ದು. ಯಾಕೆ? ಎಲ್ಲರೂ ಮೂರನೇ ಬಾಗಿಲಿನಿಂದಲೇ ಹೋಗುವುದು. ಹೋಗದೇ ಇದ್ದರೆ ಬೋರ್ಡ್ ಬೇಕಾಗಿರಲಿಲ್ಲ.

ಹಾಗಾದರೆ ಎರಡು ವರ್ಷದಲ್ಲಿ ಎರಡನೇ ಸಲ ಕಾನೂನು ಬೇಕಾಯಿತು ಅಂದರೆ, ಜನ ಜಾಸ್ತಿ ಕೂಲಿ ಕೇಳುತ್ತಿದ್ದರು, ಯಾರೋ ಕೊಡುತ್ತಲೂ ಇದ್ದರು ಅಂತ ತಾನೆ? ಆ ಪ್ಯಾರಾ ಪೂರ್ತಿ ಹೊಡೆದು ಹಾಕಿ ಹೊಸದಾಗಿ ಬರೆದೆ. ಬೋರ್ಡಿನ ಕಥೆ ಪ್ರಬಂಧದಲ್ಲಿ ಹಾಕಲಿಲ್ಲ, ಧೈರ್ಯ ಬರಲಿಲ್ಲ.

100ಕ್ಕೆ 58. ಮೊದಲ ಅರ್ಧದ ಪಕ್ಕದಲ್ಲಿ "ಪ್ಲೇಗಿನ ಕಥೆ ಬೇಡ, ಪ್ರಶ್ನೆಗೆ ಬನ್ನಿ" ಅಂತಿತ್ತು. ಕೂಲಿ ಪ್ಯಾರಾದ ಪಕ್ಕದಲ್ಲಿ ಒಂದೇ ಮಾತು: "ಇಲ್ಲಿಂದ ಶುರು ಮಾಡಬೇಕಿತ್ತು."

ಆ ಹಾಳೆ ಹೆಂಡತಿಗೆ ತೋರಿಸಿದೆ. ಅವಳು ಅಂಕ ನೋಡಲಿಲ್ಲ. ಆ ಪ್ಯಾರಾ ಎರಡು ಸಲ ಓದಿ, "ಈ ಬೋರ್ಡಿನ ವಿಷಯ ನಿಮ್ಮ ಮ್ಯಾನೇಜರ್‌ಗೆ ಗೊತ್ತಾ?" ಅಂತ ಕೇಳಿದಳು. ಅಲ್ಲಿ ಬೋರ್ಡ್ ಅನ್ನುವ ಪದವೇ ಇರಲಿಲ್ಲ. ನಾನು ಯಾವತ್ತೋ ಮನೆಯಲ್ಲಿ ಹೇಳಿದ್ದನ್ನು ನೆನಪಿಟ್ಟುಕೊಂಡು ಅವಳೇ ಜೋಡಿಸಿದಳು.

ರಾತ್ರಿ_ಪಾಳಿ

ಅಣ್ಣಾ, 58 ದೊಡ್ಡದು. ನನ್ನ ಮೊದಲನೆಯದು 41.

ಲೆಕ್ಕ_ಹೇಳಿ

ವಾರಕ್ಕೆ 11 ಗಂಟೆ, ವರ್ಷಕ್ಕೆ 40 ವಾರ ಅಂದರೆ 440. ಎಂಟು ವರ್ಷಕ್ಕೆ 3,520. ಇನ್ನೂ 80 ಬಾಕಿ ಬೀಳುತ್ತದೆ ನೋಡಿ. 😀

ಕೆಂಪು_ಪೆನ್

ಕಾನೂನನ್ನು ತಿರುಗಿಸಿ ಓದಿದಿರಲ್ಲ, ಅದು ಮೂರನೇ ವರ್ಷಕ್ಕೆ ಬಂದರೂ ಕೆಲವರಿಗೆ ಬರುವುದಿಲ್ಲ. ಒಂದು ಪ್ರಶ್ನೆ ಬಿಟ್ಟು ಹೋಗುತ್ತೇನೆ. ಕಾನೂನು ಮುರಿದವರ ಮೇಲೆ ಕೇಸು ಹಾಕಿದ ದಾಖಲೆಗಳೂ ಉಳಿದಿವೆ. ಅಲ್ಲಿ ಹೆಸರು ಬರುವುದು ಕೂಲಿ ಕೇಳಿದವರದ್ದೇ ಜಾಸ್ತಿಯೋ, ಕೊಟ್ಟವರದ್ದೋ?

ಅರ್ಧಕ್ಕೆ_ಬಿಟ್ಟವನು

ಕೇಳಿದವರದ್ದು ಅಂತ ಈಗಲೇ ಹೇಳಬಲ್ಲೆ, ನಮ್ಮಲ್ಲೂ ಮೂರನೇ ಬಾಗಿಲಿನ ದಂಡ ಬಿದ್ದಿರುವುದು ಲೋಡರ್‌ಗಳಿಗೆ ಮಾತ್ರ. ಆದರೆ ಹಾಗೆ ಊಹಿಸಿ ಬರೆದರೆ ನೀವು ಪಕ್ಕದಲ್ಲಿ "ಆಧಾರ?" ಅಂತ ಬರೆಯುತ್ತೀರಿ. ಶನಿವಾರ ಲೈಬ್ರರಿಗೆ ಹೋಗಿ ನೋಡಿ ಬಂದು ಹೇಳುತ್ತೇನೆ.